ಮೂಲವೋ, ರೀಮೇಕೋ? ಹಳೆಯ ರೋಲ್-ಪ್ಲೇಯಿಂಗ್ ಆಟಗಳನ್ನು ಯಾವ ಆವೃತ್ತಿಯಿಂದ ಆರಂಭಿಸಬೇಕು ಎಂಬ ಚರ್ಚೆ

ನೇತ್ರಾವತಿ_ತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ಮಗ ಹೊಸ ಕನ್ಸೋಲ್ ಕೊಂಡಿದ್ದರಿಂದ ಅವನ ಪಿಎಸ್4 ನಮ್ಮ ಮನೆಗೆ ಬಂದಿದೆ. ನಾನೂ, ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿರುವ ನನ್ನ ತಂಗಿಯೂ ಇದುವರೆಗೆ ಫುಟ್‌ಬಾಲ್ ಮತ್ತು ಕಾರ್ ರೇಸ್ ಬಿಟ್ಟು ಬೇರೆ ಆಟಗಳನ್ನು ಆಡಿದವರಲ್ಲ. ಈ ರಜೆಯಲ್ಲಿ ಕಥೆಯಿರುವ ದೊಡ್ಡ ಆಟವೊಂದನ್ನು ಇಬ್ಬರೂ ಕೂಡಿ ಆಡಬೇಕೆಂದುಕೊಂಡಿದ್ದೇವೆ. ಫೈನಲ್ ಫ್ಯಾಂಟಸಿ 7 ಮತ್ತು ಪರ್ಸೋನಾ 3 ಎಂಬ ಎರಡು ಹೆಸರುಗಳನ್ನು ಈ ವೇದಿಕೆಯಲ್ಲಿ ಪದೇ ಪದೇ ನೋಡಿದ್ದೇನೆ. ಆದರೆ ಅಂಗಡಿ ತೆರೆದು ನೋಡಿದರೆ ಒಂದೊಂದಕ್ಕೂ ಹಳೆಯದು, ಹೊಸದು, ನಡುವಿನದು ಎಂದು ಹಲವು ರೂಪಗಳಿವೆ. ಹೊಸಬರಾದ ನಾವು ಮೂಲವನ್ನೇ ಆಡಬೇಕೇ, ಅಥವಾ ಇಂದಿನ ಕಣ್ಣಿಗೆ ಹೊಂದುವಂತೆ ಮಾಡಿದ ಹೊಸ ಆವೃತ್ತಿ ಸಾಕೇ? ನಮ್ಮ ಮನೆಯ ಇಂಟರ್ನೆಟ್‌ಗೆ ತಿಂಗಳ ಮಿತಿಯಿದೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿಸಬೇಕಾಗಿ ವಿನಂತಿ.

ಬಯಲುಸೀಮೆ:

ನನ್ನ ಅಭಿಪ್ರಾಯ ನೇರವಾಗಿದೆ: ಹೊಸದನ್ನೇ ಆಡಿ. ಹಳೆಯ ಆಟಗಳನ್ನು ಹೊಗಳುವವರಲ್ಲಿ ಹೆಚ್ಚಿನವರು ಅವನ್ನು ಬಾಲ್ಯದಲ್ಲಿ ಆಡಿದವರು, ಮತ್ತು ಆ ನೆನಪನ್ನು ನೀವು ದುಡ್ಡು ಕೊಟ್ಟು ಕೊಳ್ಳಲು ಬರುವುದಿಲ್ಲ. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಪಾತ್ರಗಳಿಗೆ ಬಾಯಿಯಿಲ್ಲ, ಬೆರಳುಗಳಿಲ್ಲ, ಧ್ವನಿಯಿಲ್ಲ. ನಾಲ್ಕು ಹೆಜ್ಜೆ ನಡೆದರೆ ಪರದೆ ತಿರುಗಿ ಕಾಳಗ ಆರಂಭವಾಗುತ್ತದೆ. ಮೊದಲ ಬಾರಿಗೆ ಈ ಬಗೆಯ ಆಟಕ್ಕೆ ಬರುವವರು ಅಲ್ಲಿಯೇ ಬೇಸತ್ತು ಕೈಬಿಟ್ಟರೆ ಆ ಕಥೆ ಅವರಿಗೆ ಶಾಶ್ವತವಾಗಿ ತಪ್ಪಿಹೋಗುತ್ತದೆ. 2020ರ ರೀಮೇಕ್ ಅದೇ ಊರು, ಅದೇ ಜನ, ಅದೇ ಸಂಗೀತವನ್ನು ಇಂದಿನ ಗುಣಮಟ್ಟದಲ್ಲಿ ಕೊಡುತ್ತದೆ. ಪೂರ್ತಿ ಮುಗಿಸಿದ ರೀಮೇಕ್, ಅರ್ಧಕ್ಕೆ ನಿಲ್ಲಿಸಿದ ಮೂಲಕ್ಕಿಂತ ಮೇಲು.

ಹಳೆಯ_ಡಿಸ್ಕ್:

ಬಯಲುಸೀಮೆಯವರ ಕೊನೆಯ ವಾಕ್ಯವನ್ನು ನಾನು ಗೌರವಿಸುತ್ತೇನೆ, ಆದರೆ ಅವರು ಅದಕ್ಕೆ ಕೊಟ್ಟಿರುವ ಉದಾಹರಣೆಯನ್ನು ಒಪ್ಪಲಾರೆ. ಏಕೆಂದರೆ ಫೈನಲ್ ಫ್ಯಾಂಟಸಿ 7ರ ರೀಮೇಕ್ ಮೂಲದ ಸ್ಥಾನದಲ್ಲಿ ಕೂರುವ ಆಟವಲ್ಲ. ಅದು ಮೂಲವನ್ನು ಬಲ್ಲವರನ್ನು ಮುಂದೆ ಕೂರಿಸಿಕೊಂಡು ಮಾತನಾಡುವ ಆಟ.

ಮೊದಲು ಗಾತ್ರದ ವಿಷಯ. 1997ರ ಜನವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮೂಲ ಆಟ ಮೂರು ಸಿಡಿಗಳಲ್ಲಿ ಒಂದು ಇಡೀ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿತು. 2020ರ ಏಪ್ರಿಲ್‌ನಲ್ಲಿ ಪಿಎಸ್4ಕ್ಕೆ ಬಂದ ರೀಮೇಕ್ ಎರಡು ಬ್ಲೂ-ರೇ ಡಿಸ್ಕ್‌ಗಳನ್ನು ತುಂಬಿಕೊಂಡರೂ ಆ ಕಥೆಯ ಮೊದಲ ಭಾಗವನ್ನು, ಅಂದರೆ ಮಿಡ್ಗಾರ್ ಎಂಬ ನಗರದೊಳಗಿನ ಘಟನೆಗಳನ್ನು ಮಾತ್ರ ಒಳಗೊಂಡಿದೆ. ಮೂಲದಲ್ಲಿ ಒಂದೆರಡು ಸಂಜೆಗಳಲ್ಲಿ ಮುಗಿಯುವ ಆ ಭಾಗ ಇಲ್ಲಿ ಹದಿನೆಂಟು ಅಧ್ಯಾಯಗಳಾಗಿ, ಮೂವತ್ತು ಗಂಟೆಗಳಿಗೂ ಮಿಕ್ಕಿ ಹಬ್ಬಿದೆ. ಎರಡನೆಯ ಭಾಗವಾದ ರೀಬರ್ತ್ 2024ರ ಫೆಬ್ರುವರಿಯಲ್ಲಿ ಬಂದಿದ್ದು, ಅದು ಪಿಎಸ್4ರಲ್ಲಿ ಓಡುವುದಿಲ್ಲ. ಆದ್ದರಿಂದ ನೇತ್ರಾವತಿ_ತೀರ ಅವರು ರೀಮೇಕ್‌ನಿಂದ ಆರಂಭಿಸಿದರೆ, ತಮ್ಮಲ್ಲಿರುವ ಕನ್ಸೋಲ್‌ನಲ್ಲಿ ಕಥೆ ನಗರದ ಹೆಬ್ಬಾಗಿಲಲ್ಲೇ ನಿಂತುಬಿಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಆ ಮೊದಲ ಭಾಗ ಮೂಲದಲ್ಲಿ ಮಾಡುವ ಕೆಲಸ. ಆಟ ಆರಂಭವಾಗುವುದು ರೈಲಿನಿಂದ ಧುಮುಕುವ ಬಂಡುಕೋರರೊಂದಿಗೆ. ಆಮೇಲೆ ನೀವು ನೋಡುವುದೆಲ್ಲ ಕಬ್ಬಿಣದ ತಟ್ಟೆಯ ಕೆಳಗಿನ ಕೊಳೆಗೇರಿ, ಕೊಳವೆ, ಹೊಗೆ, ಮೇಲೆ ಮುಚ್ಚಿದ ಛಾವಣಿ. ಆಕಾಶ ಎಂಬುದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆಡುವವರು ಇದೇ ಈ ಆಟದ ಪ್ರಪಂಚವೆಂದು ನಂಬಿರುವ ಹೊತ್ತಿಗೆ ಪಾತ್ರಗಳು ನಗರದ ಗೋಡೆಯಿಂದ ಇಳಿದು ಹೊರಗೆ ಕಾಲಿಡುತ್ತವೆ, ಪರದೆಯ ತುಂಬ ಹಸಿರು ಬಯಲೂ ಬೆಟ್ಟಗಳೂ ತೆರೆದುಕೊಳ್ಳುತ್ತವೆ, ಅಷ್ಟು ದೊಡ್ಡದೆನಿಸಿದ್ದ ಮಿಡ್ಗಾರ್ ಆ ಭೂಪಟದ ಒಂದು ಮೂಲೆಯ ಕಪ್ಪು ಗುಡ್ಡೆಯಾಗಿ ಹಿಂದೆ ಉಳಿಯುತ್ತದೆ. ಈ ಒಂದು ಕ್ಷಣಕ್ಕಾಗಿಯೇ ಅದರ ಹಿಂದಿನ ಗಂಟೆಗಳನ್ನು ಇಕ್ಕಟ್ಟಾಗಿ, ವೇಗವಾಗಿ ಕಟ್ಟಲಾಗಿದೆ. ರೀಮೇಕ್‌ನಲ್ಲಿ ನಗರದಿಂದ ಹೊರಬೀಳುವುದೇ ಆಟದ ಮುಕ್ತಾಯವಾದ್ದರಿಂದ ಆ ಅನುಭವ ಅಲ್ಲಿ ಇರುವುದಕ್ಕೇ ಸಾಧ್ಯವಿಲ್ಲ.

ಮೂರನೆಯದನ್ನು ಎಚ್ಚರದಿಂದ ಹೇಳುತ್ತೇನೆ, ರಸಭಂಗವಾಗಬಾರದು. ರೀಮೇಕ್‌ನಲ್ಲಿ ಬೂದು ನಿಲುವಂಗಿ ತೊಟ್ಟ ಪ್ರೇತಗಳಂತಹ ಆಕೃತಿಗಳು ಆಗಾಗ ಬಂದು ಪಾತ್ರಗಳನ್ನು ತಡೆಯುತ್ತವೆ. ಅವು ಯಾವಾಗ ಬರುತ್ತವೆಂದರೆ, ಕಥೆ 1997ರಲ್ಲಿ ನಡೆದ ದಾರಿಯನ್ನು ಬಿಟ್ಟು ಬೇರೆಡೆಗೆ ಹೊರಳಲು ಯತ್ನಿಸಿದಾಗ. ಮೂಲವನ್ನು ಬಲ್ಲವರಿಗೆ ಆ ದೃಶ್ಯಗಳಲ್ಲಿ ಎದೆ ಝಲ್ಲೆನ್ನುತ್ತದೆ. ಅರಿಯದವರಿಗೆ ಇವು ಯಾರು, ಏಕೆ ಬಂದವು ಎಂಬ ಗೊಂದಲವಷ್ಟೇ ಉಳಿಯುತ್ತದೆ. ಮೂಲದ ಮೊದಲ ಡಿಸ್ಕಿನ ಕೊನೆಯ ಘಟನೆಯನ್ನು ನೀವು ಇನ್ನೂ ಯಾರಿಂದಲೂ ಕೇಳಿಸಿಕೊಂಡಿಲ್ಲದಿದ್ದರೆ, ಅದನ್ನು ಮೊದಲು ಅದು ಹುಟ್ಟಿದ ಸ್ಥಳದಲ್ಲೇ ನೋಡಿ.

ಹಾಗೆಂದು ಮೂಲವೇ ಎಲ್ಲೆಡೆಯೂ ಶ್ರೇಷ್ಠವೆಂದು ನಾನು ವಾದಿಸುವುದಿಲ್ಲ. ಸೆಕ್ಟರ್ 7 ಎಂಬ ಕೊಳೆಗೇರಿಗೆ ಒದಗುವ ಅನಾಹುತ ಮೂಲದಲ್ಲಿ ಬಹಳ ಬೇಗ ಬಂದುಬಿಡುತ್ತದೆ. ಅಲ್ಲಿನ ಜನರ ಪರಿಚಯವೇ ಆಗಿರುವುದಿಲ್ಲ. ಜೆಸ್ಸಿ, ಬಿಗ್ಸ್, ವೆಡ್ಜ್ ಎಂಬ ಮೂವರು ಸಂಗಾತಿಗಳು ಅಲ್ಲಿ ಕೆಲವೇ ಸಾಲುಗಳ ಪಾತ್ರಗಳು. ರೀಮೇಕ್ ಅವರ ಮನೆಗಳಿಗೆ ನಮ್ಮನ್ನು ಕರೆದೊಯ್ಯುತ್ತದೆ, ನೆರೆಹೊರೆಯವರ ಸಣ್ಣಪುಟ್ಟ ಕೆಲಸಗಳನ್ನು ನಮ್ಮಿಂದ ಮಾಡಿಸುತ್ತದೆ, ಹನ್ನೆರಡನೆಯ ಅಧ್ಯಾಯದಲ್ಲಿ ಅದೇ ಅನಾಹುತ ಬಂದಾಗ ನಮಗೆ ಕಳೆದುಕೊಳ್ಳಲು ಏನಾದರೂ ಇರುತ್ತದೆ. ವಾಲ್ ಮಾರ್ಕೆಟ್‌ನ ಪ್ರಸಂಗದಲ್ಲಿ ನಾಯಕ ಹೆಣ್ಣಿನ ಉಡುಗೆ ತೊಡುವ ಭಾಗವನ್ನು ಮೂಲ ಒರಟಾದ ತಮಾಷೆಯಾಗಿಸಿತ್ತು. ರೀಮೇಕ್ ಅದನ್ನು ನೃತ್ಯದ ಮೂಲಕ, ಯಾರನ್ನೂ ಹೀಯಾಳಿಸದೆ ನಿರ್ವಹಿಸಿದೆ. ಇವೆರಡೂ ನಿಜವಾದ ಸುಧಾರಣೆಗಳು.

ನಾನು ಪ್ರತಿಯೊಂದು ಆಟದ ಮುಂದೆಯೂ ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ. ಮೂಲದಲ್ಲಿ ಕಾಣುವ ಮಿತಿ ಆ ಆಟ ಹೇಳುತ್ತಿರುವುದರ ಭಾಗವಾಗಿದೆಯೇ, ಅಥವಾ ಆ ಕಾಲದ ಕನ್ಸೋಲ್ ಒಡ್ಡಿದ ಬರಿಯ ಅಡಚಣೆಯೇ? ಮೊದಲನೆಯದಾದರೆ ಮೂಲವನ್ನು ಆಡಬೇಕು. ಎರಡನೆಯದಾದರೆ ಹೊಸದನ್ನು ಸಂಕೋಚವಿಲ್ಲದೆ ಆರಿಸಿಕೊಳ್ಳಬಹುದು.

ಕಪ್ಪುಹಲಗೆ:

ಹಳೆಯ_ಡಿಸ್ಕ್ ಅವರ ಮಾತಿಗೆ ಶಿಕ್ಷಕನಾಗಿ ಒಂದು ಅಂಶವನ್ನು ಸೇರಿಸಬಯಸುತ್ತೇನೆ. ಈ ಆಟಗಳು ಕನ್ನಡದಲ್ಲಿಲ್ಲ. ನಮ್ಮ ಮಕ್ಕಳು ಇವನ್ನು ಇಂಗ್ಲಿಷ್‌ನಲ್ಲಿಯೇ ಓದಬೇಕು. ಮೂಲದಲ್ಲಿ ಸಂಭಾಷಣೆ ಒಂದು ಚೌಕದೊಳಗೆ ಮೂಡಿ, ನೀವು ಬಟನ್ ಒತ್ತುವವರೆಗೂ ಕಾಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಆ ಸಾಲನ್ನು ಎರಡು ಸಲ ಓದಿಕೊಂಡು, ಗೊತ್ತಿಲ್ಲದ ಪದವನ್ನು ಅಕ್ಕನಲ್ಲಿ ಕೇಳಿ, ಆಮೇಲೆ ಮುಂದುವರಿಯಬಹುದು. ರೀಮೇಕ್‌ನಲ್ಲಿ ಪಾತ್ರಗಳು ನಡೆಯುತ್ತಲೇ ಮಾತನಾಡುತ್ತವೆ, ಕಾಳಗದ ನಡುವೆಯೂ ಮಾತನಾಡುತ್ತವೆ; ಉಪಶೀರ್ಷಿಕೆ ಧ್ವನಿಯ ವೇಗಕ್ಕೆ ತಕ್ಕಂತೆ ಓಡಿಹೋಗುತ್ತದೆ. ಧ್ವನಿಯಿಂದ ಉಚ್ಚಾರಣೆ ತಿಳಿಯುತ್ತದೆ ಎಂಬುದು ನಿಜ, ಆದರೆ ಕಥೆ ಹಿಡಿತಕ್ಕೆ ಸಿಗಬೇಕಾದರೆ ಓದುಗನ ವೇಗಕ್ಕೆ ಕಾಯುವ ಆಟವೇ ಮೊದಲಿಗೆ ಹೆಚ್ಚು ಅನುಕೂಲ. ಗ್ರಾಫಿಕ್ಸ್ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ, ಆದರೆ ನಮ್ಮಂಥವರಿಗೆ ಇದು ಗ್ರಾಫಿಕ್ಸ್‌ಗಿಂತ ದೊಡ್ಡದು.

ಮಳೆಬಿಲ್ಲು_8ಬಿಟ್:

ಪರ್ಸೋನಾ 3ರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮೂಲ ಮತ್ತು ರೀಮೇಕ್ ಎಂಬ ಎರಡೇ ಬಾಗಿಲುಗಳಿವೆ ಎಂಬ ಎಣಿಕೆಯೇ ಇಲ್ಲಿ ಕೆಲಸಕ್ಕೆ ಬಾರದು.

2006ರಲ್ಲಿ ಪಿಎಸ್2ಕ್ಕೆ ಮೊದಲ ಆವೃತ್ತಿ ಬಂದಿತು. ಮರುವರ್ಷ ಎಫ್ಇಎಸ್ ಎಂಬ ವಿಸ್ತೃತ ಆವೃತ್ತಿ, ಕಥೆಯ ನಂತರದ ಘಟನೆಗಳನ್ನು ಹೇಳುವ ಪ್ರತ್ಯೇಕ ಭಾಗದೊಂದಿಗೆ ಬಂದಿತು. 2009ರಲ್ಲಿ ಪಿಎಸ್‌ಪಿಗಾಗಿ ಪೋರ್ಟಬಲ್ ಎಂಬ ಮೂರನೆಯ ರೂಪ ಬಂದಿತು. ಅದರಲ್ಲಿ ನಾಯಕಿಯಾಗಿ ಹೆಣ್ಣುಮಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದು, ಆ ಆಯ್ಕೆಯಿಂದ ಗೆಳೆತನಗಳೂ, ಸಂಭಾಷಣೆಗಳೂ, ಸಂಗೀತವೂ ಬದಲಾಗುತ್ತವೆ. ಆದರೆ ಆ ಪುಟ್ಟ ಕನ್ಸೋಲ್‌ಗೆ ಒಗ್ಗಿಸಲು ಊರಿನಲ್ಲಿ ನಡೆದಾಡುವುದನ್ನೇ ತೆಗೆದುಹಾಕಿ, ಚಿತ್ರದ ಮೇಲೆ ಗುರುತನ್ನು ಸರಿಸುವ ವ್ಯವಸ್ಥೆ ಮಾಡಲಾಯಿತು. 2024ರ ಫೆಬ್ರುವರಿಯಲ್ಲಿ ರೀಲೋಡ್ ಎಂಬ ಪೂರ್ಣ ರೀಮೇಕ್ ಬಂದಾಗ ನಡೆದಾಟ ಮರಳಿತು, ದೃಶ್ಯಗಳು ಹೊಸತಾದವು. ಆದರೆ ನಾಯಕಿಯ ಕಥೆ ಅದರಲ್ಲಿಲ್ಲ. ಎಫ್ಇಎಸ್‌ನ ನಂತರದ ಭಾಗವನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೇರೆ ಹಣ ಪಡೆದು ಕೊಟ್ಟರು. ಹೀಗಾಗಿ ಎಲ್ಲವನ್ನೂ ಒಳಗೊಂಡ ಒಂದೇ ಒಂದು ಆವೃತ್ತಿ ಇಂದಿಗೂ ಇಲ್ಲ.

ಹಳೆಯ_ಡಿಸ್ಕ್ ಅವರ ಪ್ರಶ್ನೆಯನ್ನೇ ಇಲ್ಲಿ ಹಾಕಿ ನೋಡೋಣ. ಮೊದಲ ಆವೃತ್ತಿಯಲ್ಲಿ ಕಾಳಗದ ವೇಳೆ ನಾಯಕನಿಗೆ ಮಾತ್ರ ನೀವು ಆಜ್ಞೆ ಕೊಡಬಹುದು. ಸಂಗಾತಿಗಳು ತಮ್ಮಷ್ಟಕ್ಕೆ ತಾವೇ ನಿರ್ಧರಿಸುತ್ತಾರೆ, ನೀವು ಸ್ಥೂಲವಾದ ಸೂಚನೆಯನ್ನಷ್ಟೇ ಕೊಡಬಲ್ಲಿರಿ. ಬಾಸ್, ಅಂದರೆ ಬಲಶಾಲಿಯಾದ ಮುಖ್ಯ ವೈರಿ, ಎದುರಿಗಿರುವಾಗ ಮಿತ್ಸುರು ಎಂಬ ಸಂಗಾತಿ ಹಿಮದ ಮಂತ್ರವನ್ನು ಬಿಟ್ಟು ವೈರಿಯನ್ನು ಮರುಳುಮಾಡುವ ಮಂತ್ರವನ್ನೇ ಮತ್ತೆ ಮತ್ತೆ ಪ್ರಯೋಗಿಸುತ್ತಾಳೆಂದು ಆಗಿನ ಆಟಗಾರರೆಲ್ಲ ಗೊಣಗಿದ್ದುಂಟು. ಆದರೂ ಅದು ಕನ್ಸೋಲ್ ಹೇರಿದ ಮಿತಿಯಾಗಿರಲಿಲ್ಲ. ಈ ಜನ ನಿಮ್ಮ ಕೈಯ ಗೊಂಬೆಗಳಲ್ಲ, ಅವರಿಗೂ ಸ್ವಂತ ಮನಸ್ಸಿದೆ, ಅವರ ವಿಶ್ವಾಸವನ್ನು ನೀವು ಗಳಿಸಬೇಕು ಎಂಬ ಕಥೆಯ ತಿರುಳಿಗೆ ಅದು ಹೊಂದಿಕೊಂಡಿತ್ತು. ಟಾರ್ಟರಸ್ ಎಂಬ ಗೋಪುರದಲ್ಲಿ ಹೆಚ್ಚು ಹೊತ್ತು ಹೋರಾಡಿದರೆ ಅವರು ದಣಿದು, ಮರುದಿನವೂ ಬಳಲಿರುತ್ತಿದ್ದರು. ಸಾವಿನ ಬಗ್ಗೆ, ಸೀಮಿತವಾದ ಆಯುಷ್ಯದ ಬಗ್ಗೆ ಇರುವ ಕಥೆಯಲ್ಲಿ ದೇಹಕ್ಕೆ ದಣಿವಿರುವುದು ಸಹಜವಾಗಿತ್ತು. ರೀಲೋಡ್ ಎಲ್ಲರನ್ನೂ ನಿಮ್ಮ ಹಿಡಿತಕ್ಕೆ ಕೊಟ್ಟು, ಆ ದಣಿವಿನ ನಿಯಮವನ್ನು ಕೈಬಿಟ್ಟಿದೆ. ಆಟ ಸುಲಲಿತವಾಯಿತು, ಆದರೆ ಆ ಗೆಳೆಯರು ಕೊಂಚ ನಿಮ್ಮ ಕೈಯ ಆಯುಧಗಳಂತಾದರು.

ಇಷ್ಟು ಬರೆದೂ ನಾನು ನಿಮಗೆ ಸೂಚಿಸುವುದು ರೀಲೋಡನ್ನೇ. ಕಾರಣವೇನೆಂದರೆ ಮೂಲದಲ್ಲಿ ನಾಯಕನಿಗೆ ತನ್ನ ತಂಡದ ಹುಡುಗರೊಂದಿಗೆ ಗೆಳೆತನ ಬೆಳೆಸುವ ದಾರಿಯೇ ಇರಲಿಲ್ಲ. ರೀಲೋಡ್ ಅವರಿಗಾಗಿ ಹೊಸ ಪ್ರಸಂಗಗಳನ್ನು ಬರೆದು ಆ ಕೊರತೆಯನ್ನು ತುಂಬಿದೆ. ಕಾಳಗದಲ್ಲಿ ಕಳೆದುಹೋದದ್ದು ಸಂಜೆಯ ಹರಟೆಗಳಲ್ಲಿ ದೊರಕಿದೆ. ಸಂಗೀತದಲ್ಲಿ ಮಾತ್ರ ನನ್ನ ಮನಸ್ಸು ಹಳೆಯದರ ಕಡೆಗಿದೆ. ಶೋಜಿ ಮೆಗುರೋ ಅವರ ಸಂಯೋಜನೆಗೆ ಯುಮಿ ಕವಾಮುರಾ ಹಾಡಿದ ಧ್ವನಿಯಲ್ಲಿದ್ದ ಒಂದು ಬಗೆಯ ಉದಾಸೀನತೆ, ರೀಲೋಡ್‌ನಲ್ಲಿ ಅಜುಮಿ ತಕಹಾಶಿ ಅವರ ಹೆಚ್ಚು ಸ್ಪಷ್ಟವಾದ, ಹೆಚ್ಚು ಶಕ್ತಿಯುತವಾದ ಗಾಯನದಲ್ಲಿ ಇಲ್ಲ.

ಒಂದು ಎಚ್ಚರಿಕೆ. ಈ ಆಟದಲ್ಲಿ ಹದಿಹರೆಯದ ಪಾತ್ರಗಳು ಪಿಸ್ತೂಲಿನ ಆಕಾರದ ಸಾಧನವನ್ನು ತಲೆಗೆ ಹಿಡಿದು ತಮ್ಮ ಶಕ್ತಿಯನ್ನು ಕರೆಯುತ್ತಾರೆ, ಮತ್ತು ಅಮೆರಿಕದ ವರ್ಗೀಕರಣದಲ್ಲಿ ಇದಕ್ಕೆ 17 ವರ್ಷ ಮೇಲ್ಪಟ್ಟವರಿಗೆ ಎಂಬ ಮುದ್ರೆಯಿದೆ. ತಂಗಿಯ ಜೊತೆ ಆಡುವ ಮುನ್ನ ನೀವೊಬ್ಬರೇ ಮೊದಲ ಕೆಲವು ದೃಶ್ಯಗಳನ್ನು ನೋಡಿ ನಿರ್ಧರಿಸುವುದು ಒಳ್ಳೆಯದು.

ಬಯಲುಸೀಮೆ:

ಫೈನಲ್ ಫ್ಯಾಂಟಸಿ 7ರ ವಿಷಯದಲ್ಲಿ ಹಳೆಯ_ಡಿಸ್ಕ್ ಅವರ ವಾದದಲ್ಲಿ ತೂಕವಿದೆ, ವಿಶೇಷವಾಗಿ ಪಿಎಸ್4ರಲ್ಲಿ ಕಥೆ ಅರ್ಧಕ್ಕೆ ನಿಲ್ಲುತ್ತದೆ ಎಂಬುದರಲ್ಲಿ. ಆದರೂ ಮೂಲ ಮತ್ತು ರೀಮೇಕ್‌ಗಳನ್ನು ಹೀಗೆ ಎದುರುಬದುರು ನಿಲ್ಲಿಸುವುದೇ ನನಗೆ ಸರಿಕಾಣುವುದಿಲ್ಲ. ಒಂದೇ ಯಕ್ಷಗಾನ ಪ್ರಸಂಗವನ್ನು ಬೇರೆ ಬೇರೆ ಮೇಳಗಳು ಆಡಿದಂತೆ ಇವನ್ನೂ ನೋಡಬಹುದಲ್ಲವೇ? ಒಂದು ಮೇಳದ ಆಟ ನೋಡಿದವರು ಇನ್ನೊಂದರದ್ದನ್ನು ನೋಡಬಾರದೆಂದೇನೂ ಇಲ್ಲ; ಯಾವುದು ಮೊದಲು ಎಂಬುದು ಅವರವರ ಅನುಕೂಲ.

ಹಳೆಯ_ಡಿಸ್ಕ್:

ಬಯಲುಸೀಮೆಯವರೇ, ಆ ಹೋಲಿಕೆ ಸುಂದರವಾಗಿದೆ, ಆದರೆ ಅದು ನಿಲ್ಲಬೇಕಾದರೆ ಎರಡು ಮೇಳಗಳೂ ರಂಗದಲ್ಲಿ ಉಳಿದಿರಬೇಕು. ಆಟಗಳ ಲೋಕದಲ್ಲಿ ಹೊಸ ಮೇಳ ಬಂದ ದಿನವೇ ಹಳೆಯ ಮೇಳದ ಚಪ್ಪರ ಕಿತ್ತುಹಾಕುವುದುಂಟು. 2021ರಲ್ಲಿ ಫೈನಲ್ ಫ್ಯಾಂಟಸಿ 1ರಿಂದ 6ರವರೆಗಿನ ಆಟಗಳ ಪಿಕ್ಸೆಲ್ ರೀಮಾಸ್ಟರ್‌ಗಳು (ಹಳೆಯ ಆಟವನ್ನೇ ಇಂದಿನ ಯಂತ್ರಗಳಿಗೆ ಹಸನುಗೊಳಿಸಿದ ಆವೃತ್ತಿಗಳು) ಬರತೊಡಗಿದಾಗ 5 ಮತ್ತು 6ರ ಹಿಂದಿನ ಆವೃತ್ತಿಗಳನ್ನು ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಿಂದ ತೆಗೆದುಹಾಕಲಾಯಿತು. 2018ರಲ್ಲಿ ಡಾರ್ಕ್ ಸೋಲ್ಸ್‌ನ ರೀಮಾಸ್ಟರ್ ಬಂದಾಗಲೂ ಹಳೆಯ ಆವೃತ್ತಿಯ ಮಾರಾಟ ಸ್ಟೀಮ್‌ನಲ್ಲಿ ನಿಂತಿತು. 2023ರ ಮಾರ್ಚ್‌ನಲ್ಲಿ ನಿಂಟೆಂಡೋ ತನ್ನ 3ಡಿಎಸ್ ಎಂಬ ಕೈಕನ್ಸೋಲ್‌ನ ಆನ್‌ಲೈನ್ ಅಂಗಡಿಯನ್ನು ಮುಚ್ಚಿದಾಗ, ಅಲ್ಲಿ ಮಾರುತ್ತಿದ್ದ ಪೋಕೆಮಾನ್‌ನ ಮೊದಲ ತಲೆಮಾರಿನ ಆಟಗಳನ್ನು ಕೊಳ್ಳುವ ಆ ದಾರಿಯೂ ಮುಚ್ಚಿತು. ಅದೇ ವರ್ಷ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ತಯಾರಿಸಿದವರ ಬಳಿಯಲ್ಲೂ ಇವು ಕ್ಷೇಮವಾಗಿಲ್ಲ: 2002ರ ಕಿಂಗ್‌ಡಮ್ ಹಾರ್ಟ್ಸ್ ಆಟವನ್ನು ಎಚ್‌ಡಿಗೆ ತರಲು ಹೊರಟಾಗ ಮೂಲ ಸಾಮಗ್ರಿಯೇ ಕಳೆದುಹೋಗಿತ್ತು, ಬಹುಭಾಗವನ್ನು ಮತ್ತೆ ಕಟ್ಟಬೇಕಾಯಿತು.

ಆದ್ದರಿಂದ ಎರಡೂ ಸಿಗುವ ಕಾಲದಲ್ಲಿ ಮೂಲವನ್ನು ಆಡಿಬಿಡಿ ಎಂದು ನಾನು ಒತ್ತಿ ಹೇಳುವುದು ಹಳೆಯದರ ಮೇಲಿನ ವ್ಯಾಮೋಹದಿಂದಲ್ಲ. ರೀಮೇಕ್ ನಾಳೆಯೂ ಸಿಗುತ್ತದೆ. ಮೂಲದ ಬಗ್ಗೆ ಅಂಥ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಮಳೆಬಿಲ್ಲು_8ಬಿಟ್:

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಡೀಮನ್ಸ್ ಸೋಲ್ಸ್‌ನ ಮೂಲ 2009ರದ್ದು, ಫ್ರಮ್‌ಸಾಫ್ಟ್‌ವೇರ್ ನಿರ್ಮಿಸಿದ್ದು. 2020ರ ಪಿಎಸ್5 ರೀಮೇಕ್ ಬ್ಲೂಪಾಯಿಂಟ್ ಎಂಬ ಬೇರೆಯೇ ಸಂಸ್ಥೆಯ ಕೆಲಸ. ರಾಕ್ಷಸರ ರೂಪವನ್ನೂ ಸಂಗೀತವನ್ನೂ ಅವರು ಬದಲಿಸಿದ ರೀತಿ ನನಗೆ ಹಿಡಿಸಿಲ್ಲ. ಮೂಲದಲ್ಲಿದ್ದ ಮಂಕಾದ, ಬಡಕಲಾದ ಭಯ ಅಲ್ಲಿ ಭರ್ಜರಿ ವೈಭವವಾಗಿಬಿಟ್ಟಿದೆ. ಆದರೆ ಮೂಲದ ಸರ್ವರ್‌ಗಳನ್ನು 2018ರ ಫೆಬ್ರುವರಿಯಲ್ಲಿ ನಿಲ್ಲಿಸಲಾಯಿತು. ಆ ಆಟದಲ್ಲಿ ಓಲ್ಡ್ ಮಂಕ್ ಎಂಬ ಬಾಸ್ ಇದ್ದಾನೆ. ಅವನು ನಿಮ್ಮ ಎದುರಿಗೆ ನಿಲ್ಲಿಸುವುದು ಜಗತ್ತಿನ ಯಾವುದೋ ಮೂಲೆಯಲ್ಲಿ ಆಡುತ್ತಿರುವ ಇನ್ನೊಬ್ಬ ಆಟಗಾರನನ್ನು. ಸರ್ವರ್ ಇಲ್ಲದಿದ್ದರೆ ಆ ಜಾಗಕ್ಕೆ ಕಂಪ್ಯೂಟರ್ ನಡೆಸುವ ಪಾತ್ರ ಬರುತ್ತದೆ, ಆ ಕಾಳಗದ ಆತ್ಮವೇ ಹೋಗುತ್ತದೆ. ಅದನ್ನು ಇಂದು ಅಧಿಕೃತವಾಗಿ ಅನುಭವಿಸಲು ರೀಮೇಕ್ ಒಂದೇ ದಾರಿ. ಹಾಗಾಗಿ ಮೂಲದ ಉಸಿರನ್ನು ಉಳಿಸಿಕೊಂಡಿರುವುದು ಕೆಲವೊಮ್ಮೆ ರೀಮೇಕೇ ಆಗಿರುತ್ತದೆ.

ನೇತ್ರಾವತಿ_ತೀರ:

ಇಷ್ಟು ವಿವರವಾದ ಉತ್ತರಗಳಿಗೆ ಎಲ್ಲರಿಗೂ ಧನ್ಯವಾದಗಳು. ಕಪ್ಪುಹಲಗೆಯವರು ಹೇಳಿದ ಓದಿನ ವೇಗದ ಮಾತು ನಮ್ಮ ಮನೆಗೆ ನೇರವಾಗಿ ಅನ್ವಯಿಸುತ್ತದೆ. ಮೂಲ ಫೈನಲ್ ಫ್ಯಾಂಟಸಿ 7ನ್ನೇ ಕೊಳ್ಳೋಣವೆಂದು ಇಬ್ಬರೂ ತೀರ್ಮಾನಿಸಿದ್ದೇವೆ. ಡೌನ್‌ಲೋಡ್ ಗಾತ್ರವೂ ಚಿಕ್ಕದಾಗಿರುವುದರಿಂದ ತಿಂಗಳ ಮಿತಿಯ ಚಿಂತೆಯಿಲ್ಲ. ಪರ್ಸೋನಾವನ್ನು ಆಮೇಲೆ ನಾನೊಬ್ಬಳೇ ಆಡುತ್ತೇನೆ. ಇನ್ನೊಂದು ಪ್ರಶ್ನೆಯಿದೆ. ಇದಾದ ನಂತರ ಇನ್ನೂ ಹಿಂದಿನ ಆಟಗಳಿಗೆ ಹೋಗಬೇಕೆಂದರೆ, ಅಲ್ಲಿಯೂ ಮೂಲವನ್ನೇ ಹುಡುಕಬೇಕೇ?

ಹಳೆಯ_ಡಿಸ್ಕ್:

ಬೇಡ. ಅಲ್ಲಿ ನನ್ನ ಉತ್ತರ ಹೆಚ್ಚಾಗಿ ಹೊಸದರ ಕಡೆಗೇ ವಾಲುತ್ತದೆ.

ಫೈನಲ್ ಫ್ಯಾಂಟಸಿ 3ನ್ನೇ ನೋಡಿ. 1990ರಲ್ಲಿ ಜಪಾನಿನಲ್ಲಿ ಬಂದ ಮೂಲ ಬಹುಕಾಲ ಹೊರದೇಶಗಳಿಗೆ ಬರಲೇ ಇಲ್ಲ. ಉಳಿದವರು ಮೊದಲು ಕಂಡದ್ದು 2006ರ ನಿಂಟೆಂಡೋ ಡಿಎಸ್ ರೀಮೇಕನ್ನು. ಅದರಲ್ಲಿ ಮೂಲದ ಹೆಸರಿಲ್ಲದ ನಾಲ್ವರು ಅನಾಥ ಮಕ್ಕಳಿಗೆ ಹೆಸರು, ಗುಣ, ಹಿನ್ನೆಲೆಗಳನ್ನು ಕೊಡಲಾಗಿತ್ತು. ಹೆಸರಿಲ್ಲದ ಆ ನಾಲ್ವರನ್ನು ಎರಡು ಆಯಾಮದ ಚಿತ್ರಗಳಲ್ಲಿ ನಾವು ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ ಆಡುವಂತಾದದ್ದು 2021ರ ಪಿಕ್ಸೆಲ್ ರೀಮಾಸ್ಟರ್‌ನಿಂದ. ಹೀಗೆ ಇಲ್ಲಿ ಹೊಸದಾಗಿ ಬಂದ ಆವೃತ್ತಿಯೇ ಮೂಲಕ್ಕೆ ಹೆಚ್ಚು ಹತ್ತಿರದ್ದಾಗಿದೆ.

ಪಿಎಸ್4ರಲ್ಲಿ ಆ ಆರೂ ರೀಮಾಸ್ಟರ್‌ಗಳು 2023ರಿಂದ ದೊರೆಯುತ್ತಿವೆ. ಕಂಪ್ಯೂಟರ್‌ಗೆ ಮೊದಲು ಬಂದಾಗ ಅಕ್ಷರಗಳು ಸಪೂರವಾಗಿ, ಓದಲು ಅಸಹ್ಯವಾಗಿವೆಯೆಂದು ಜನ ದೂರಿದ್ದರು; ಕನ್ಸೋಲ್ ಆವೃತ್ತಿಯಲ್ಲಿ ಅಕ್ಷರದ ಬಗೆಯನ್ನು ಬದಲಿಸಿಕೊಳ್ಳಬಹುದು, ಸಂಗೀತವನ್ನು ಹಳೆಯದಕ್ಕೆ ತಿರುಗಿಸಬಹುದು, ದಾರಿಯ ಕಾಳಗಗಳನ್ನು ನಿಲ್ಲಿಸಲೂಬಹುದು. ಮೂಲ ಸಂಗೀತ ಸಂಯೋಜಕ ನೊಬುವೊ ಉಎಮಾತ್ಸು ಅವರ ಮೇಲ್ವಿಚಾರಣೆಯಲ್ಲಿ ಸಂಗೀತವನ್ನು ಮರುಸಂಯೋಜಿಸಲಾಗಿದೆ. ಆರನೆಯ ಆಟದ ಒಪೆರಾ ದೃಶ್ಯವನ್ನು 1994ರಲ್ಲಿ ಸೂಪರ್ ನಿಂಟೆಂಡೋದ ಧ್ವನಿ ಚಿಪ್ ಮನುಷ್ಯಕಂಠದ ಛಾಯೆಯಿಂದ ಮಾತ್ರ ಹಾಡಿಸಿತ್ತು. ರೀಮಾಸ್ಟರ್‌ನಲ್ಲಿ ನಿಜವಾದ ಗಾಯಕರು ಹಾಡುತ್ತಾರೆ. ನನಗೆ ಆ ಮೊದಲಿನ ಅಸ್ಪಷ್ಟ ಕಂಠವೇ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಹಾಡು ನಮ್ಮ ಕಲ್ಪನೆಯೊಳಗೆ ಪೂರ್ಣಗೊಳ್ಳುತ್ತಿತ್ತು. ಆದರೆ ಈ ಒಂದು ದೃಶ್ಯಕ್ಕಾಗಿ ಹಳೆಯ ಕನ್ಸೋಲ್ ಹುಡುಕಿಕೊಂಡು ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಂದಿನ ಚಿತ್ರಗಳನ್ನು ಬರೆದದ್ದು ಗಾಜಿನ ಡಬ್ಬಿ ಟಿವಿಗಳಿಗಾಗಿ. ಆ ಟಿವಿ ಬಣ್ಣಗಳ ಅಂಚನ್ನು ಮೃದುಗೊಳಿಸಿ ಬೆರೆಸುತ್ತಿತ್ತು, ಇಂದಿನ ಚಪ್ಪಟೆ ಟಿವಿ ಪ್ರತಿಯೊಂದು ಚೌಕವನ್ನೂ ಚೂಪಾಗಿ ತೋರಿಸುತ್ತದೆ. ಆದ್ದರಿಂದ ಮೂಲ ಕಾರ್ಟ್ರಿಜ್ ಅನ್ನೇ ತಂದು ಇಂದಿನ ಟಿವಿಗೆ ಜೋಡಿಸಿದರೂ ನೀವು ನೋಡುವುದು 1994ರಲ್ಲಿ ನೋಡಿದ ಚಿತ್ರವನ್ನಲ್ಲ.

ಬಾಲ್ಡರ್ಸ್ ಗೇಟ್‌ಗೆ 2012ರ ಎನ್‌ಹಾನ್ಸ್‌ಡ್ ಆವೃತ್ತಿ ಸಾಕು; 1998ರ ಮೂಲದ ತೊಡಕುಗಳಲ್ಲಿ ಅರ್ಥಪೂರ್ಣವಾದದ್ದು ನನಗೆ ಏನೂ ಕಾಣುವುದಿಲ್ಲ. ಡಯಾಬ್ಲೊ 2ಕ್ಕೂ ಅಷ್ಟೇ: 2021ರ ರಿಸರೆಕ್ಟೆಡ್ ಒಳಗೆ ಹಳೆಯ ಆಟದ ಲೆಕ್ಕಾಚಾರವೇ ಓಡುತ್ತಿದೆ, ಹೊಸ ಚಿತ್ರಗಳು ಅದರ ಮೇಲಿನ ಹೊದಿಕೆ, ಬೇಕೆಂದಾಗ ಆಟದ ನಡುವೆಯೇ ಹಳೆಯ ನೋಟಕ್ಕೆ ಹಿಂದಿರುಗಬಹುದು. ಎಲ್ಲ ರೀಮೇಕ್‌ಗಳೂ ಈ ಸೌಜನ್ಯ ತೋರಿದ್ದರೆ ನಾವು ಇಷ್ಟು ಚರ್ಚಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಕ್ರೋನೋ ಕ್ರಾಸ್‌ನ 2022ರ ಆವೃತ್ತಿ ಬಿಡುಗಡೆಯ ಹೊತ್ತಿಗೆ ತಡವರಿಸುತ್ತಿತ್ತು, ಮರುವರ್ಷದ ಅಪ್‌ಡೇಟ್‌ನಿಂದ ಸುಧಾರಿಸಿದೆ; ಈಗ ಕೊಳ್ಳಬಹುದು.

ಬಯಲುಸೀಮೆ:

ಡ್ರ್ಯಾಗನ್ ಕ್ವೆಸ್ಟ್ 3ನ್ನು ಸೇರಿಸಲೇಬೇಕು. 1988ರ ಮೂಲದಲ್ಲಿ ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಊರಿನವರನ್ನು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಹುಡುಕಬೇಕಿತ್ತು. 2024ರ ನವೆಂಬರ್‌ನ ಎಚ್‌ಡಿ-2ಡಿ (ಹಳೆಯ ಶೈಲಿಯ ಚಪ್ಪಟೆ ಪಾತ್ರಗಳನ್ನು ಮೂರು ಆಯಾಮದ ಹಿನ್ನೆಲೆಯಲ್ಲಿ ತೋರಿಸುವ) ರೀಮೇಕ್ ಭೂಪಟದ ಮೇಲೆಯೇ ಗುರುತು ಹಾಕಿ ತೋರಿಸುತ್ತದೆ. ಅದು ಪಿಎಸ್4ರಲ್ಲಿ ದೊರೆಯುವುದಿಲ್ಲವಾದರೂ ಮುಂದೆಂದಾದರೂ ಸಿಕ್ಕಿದರೆ ಆ ಗುರುತುಗಳನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ ಆಡಿ. ರೀಮೇಕ್‌ಗಳ ಪರವಾಗಿಯೇ ವಾದಿಸುವ ನಾನು ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಹಳ್ಳಿಯ ಮುದುಕಿಯೊಬ್ಬಳ ಮಾತನ್ನು ಕೇಳಿಸಿಕೊಂಡು ದಾರಿ ಕಂಡುಕೊಳ್ಳುವುದೇ ಆ ಆಟದ ಸುಖ.

ಕಪ್ಪುಹಲಗೆ:

ನೇತ್ರಾವತಿ_ತೀರ ಅವರೇ, ಆರಂಭಿಸುವ ಮೊದಲು ಒಂದು ಸಣ್ಣ ಸಲಹೆ. ಫೈನಲ್ ಫ್ಯಾಂಟಸಿ 7ರ ಮೆನುವಿನಲ್ಲಿ ಕಾನ್ಫಿಗ್ ತೆರೆದು, ಕಾಳಗದ ಕಾಲವನ್ನು ನಿರ್ಧರಿಸುವ ಎಟಿಬಿ ಎಂಬ ಸಾಲಿನಲ್ಲಿ ವೇಟ್ ಎಂಬುದನ್ನು ಆರಿಸಿಕೊಳ್ಳಿ. ಆಗ ನೀವು ಮಂತ್ರ ಅಥವಾ ವಸ್ತುಗಳ ಪಟ್ಟಿಯನ್ನು ಓದುತ್ತಿರುವಷ್ಟು ಹೊತ್ತು ವೈರಿಗಳು ಹೊಡೆಯದೆ ಕಾಯುತ್ತಾರೆ. ತಂಗಿ ಪ್ರತಿಯೊಂದು ಮಂತ್ರದ ಹೆಸರನ್ನೂ ನಿಧಾನವಾಗಿ ಓದಿ ಆಯ್ದುಕೊಳ್ಳಬಹುದು.

ಹಳೆಯ_ಡಿಸ್ಕ್:

ಅದರ ಜೊತೆಗೆ ಇದನ್ನೂ ನೆನಪಿಡಿ. ಪಿಎಸ್4 ಆವೃತ್ತಿಯಲ್ಲಿ ಕಂಟ್ರೋಲರ್‌ನ ಎಡಗಡೆಯ ಕಡ್ಡಿಯನ್ನು (ಸ್ಟಿಕ್) ಒಳಕ್ಕೆ ಒತ್ತಿದರೆ ಆಟ ಮೂರು ಪಟ್ಟು ವೇಗವಾಗಿ ಓಡುತ್ತದೆ; ಎರಡೂ ಕಡ್ಡಿಗಳನ್ನು ಒಟ್ಟಿಗೆ ಒತ್ತಿದರೆ ದಾರಿಯ ಕಾಳಗಗಳು ನಿಲ್ಲುತ್ತವೆ. ಮೊದಲನೆಯದನ್ನು ಹಳೆಯ ದಾರಿಯಲ್ಲಿ ಮರಳಿ ನಡೆಯುವಾಗ, ಲೆವೆಲ್ ಏರಿಸುವಾಗ ಧಾರಾಳವಾಗಿ ಬಳಸಿ. ಬಯಲುಸೀಮೆಯವರು ಹೇಳಿದ ಬೇಸರಕ್ಕೆ ಅದೇ ಮದ್ದು. ಎರಡನೆಯದನ್ನು ಮಾತ್ರ ಹೆಚ್ಚು ಹೊತ್ತು ಹಾಕಿಡಬೇಡಿ, ಕಾಳಗವಿಲ್ಲದೆ ಪಾತ್ರಗಳು ಬಲಿಯದಿದ್ದರೆ ಮುಂದಿನ ಬಾಸ್ ಎದುರು ಸಿಕ್ಕಿಬೀಳುತ್ತೀರಿ. ಮಿಡ್ಗಾರ್‌ನ ಗೋಡೆ ಇಳಿದು ಹೊರಗೆ ಬರುವಾಗ ವೇಗವನ್ನು ಸಹಜ ಸ್ಥಿತಿಗೆ ತಂದಿರಿ. ಅಲ್ಲಿಂದ ಮುಂದೆ ಭೂಪಟದಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಅಲ್ಲಿಗೆ ತಲುಪಿದ ಮೇಲೆ ತಂಗಿಗೆ ಏನನ್ನಿಸಿತೆಂದು ಇಲ್ಲಿ ಬರೆಯಿರಿ, ತಿಳಿಯಲು ಕಾತರನಾಗಿದ್ದೇನೆ.